ಚಿತ್ರಪ್ರದರ್ಶನವೂ ಚಿತ್ರದರ್ಶನವೂ

ಈಚೆಗೆ ಕೆಲವು ವರ್ಷಗಳಿಂದ ಉಡುಪಿ, ಮಣಿಪಾಲ, ಮಂಗಳೂರುಗಳಲ್ಲಿಯೂ, ಒಮ್ಮೊಮ್ಮೆ ಕಾಪು ಕಾರ್ಕಳಗಳಂತಹ ಊರುಗಳಲ್ಲಿಯೂ ನಮ್ಮವರೇ ಆದ ಚಿತ್ರಕಾರರ ಕೃತಿಗಳ ಪ್ರದರ್ಶನಗಳು ಏರ್ಪಡುತ್ತಿರುವುದನ್ನು ವಾಚಕರು ಬಲ್ಲರು. ಶಾಲೆಯ ಸಭಾಂಗಣವಾಗಲಿ, ಸಂಘದ ವಾಚನಾಲಯವಾಗಲಿ, ಅದಕ್ಕೆಂದೇ ಕಟ್ಟಿಸಿದ ಚಿತ್ರಶಾಲೆಯಾಗಲಿ, ಗೋಡೆಯ ಮೇಲೆ ಹತ್ತಿಪ್ಪತ್ತು ಚಿತ್ರಗಳು ತೂಗಿದುವೆಂದರೆ ಊರಿಗೆ ಒಂದು ಕಳೆ ಬಂದಂತಾಗುವುದು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಸಂತೋಷವನ್ನು ಸೂಚಿಸಿ ಸುಮ್ಮನಾಗುವುದು ವಿಮರ್ಶಕನ ಧರ್ಮವಲ್ಲ. ಪ್ರದರ್ಶನವೆಂದರೆ ತೋರಿಸುವುದು, ದರ್ಶನವೆಂದರೆ ಕಾಣುವುದು. ಇವೆರಡಕ್ಕೂ ನಡುವೆ ಇರುವುದು ‘ಪ್ರ’ ಎಂಬ ಒಂದು ಉಪಸರ್ಗ. ಉಪಸರ್ಗವೆಂಬ ಶಬ್ದಕ್ಕೆ ಉಪದ್ರವವೆಂಬ ಅರ್ಥವೂ ಉಂಟೆಂಬುದನ್ನು ಸಂಸ್ಕೃತ ಬಲ್ಲವರಿಗೆ ಹೇಳಬೇಕಾದುದಿಲ್ಲ. ನಮ್ಮಲ್ಲಿ ತೋರಿಸುವವರು ಹೆಚ್ಚಿದರು, ಕಾಣುವವರು ಹೆಚ್ಚಿದರೆ? ಈ ಪ್ರಶ್ನೆಯನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಚಿತ್ರವನ್ನು ಕಾಣುವುದೆಂದರೇನು? ನಮ್ಮ ಪೂರ್ವಿಕರಲ್ಲಿ ಇದನ್ನು ಭವಭೂತಿಯಷ್ಟು ಚೆನ್ನಾಗಿ ತಿಳಿಸಿದವರು ವಿರಳ. ಉತ್ತರರಾಮಚರಿತದ ಮೊದಲನೆಯ ಅಂಕಕ್ಕೆ ಚಿತ್ರದರ್ಶನವೆಂದೇ ಹೆಸರು. ರಾಮನ ಚರಿತೆಯನ್ನು ಚಿತ್ರಕಾರನು ಬರೆದು ಮುಗಿಸಿದ್ದಾನೆಂದು ಲಕ್ಷ್ಮಣನು ಬಂದು ತಿಳಿಸುವನು. ಸೀತಾರಾಮರು ತಮ್ಮದೇ ಬಾಳನ್ನು ಚಿತ್ರದಲ್ಲಿ ನೋಡುತ್ತ ಮುಂದುವರಿಯುವರು. ಶೂರ್ಪಣಖಿಯ ಚಿತ್ರ ಎದುರಾದೊಡನೆ ಸೀತೆ ಬೆಚ್ಚುವಳು. ಇದು ಬರಿಯ ಚಿತ್ರವೆಂದು ರಾಮನು ಸಮಾಧಾನ ಹೇಳಬೇಕಾಗುವುದು. ಹಾಗೆ ಹೇಳಿದ ರಾಮನೇ ಜನಸ್ಥಾನದ ಚಿತ್ರವನ್ನು ಕಂಡು ಕಣ್ಣೀರಿಡುವನು. ನೋಡಿ ಮುಗಿಸಿದ ಸೀತೆಗೆ ಕಾಡನ್ನೂ ಗಂಗೆಯನ್ನೂ ಮತ್ತೊಮ್ಮೆ ಕಾಣಬೇಕೆಂಬ ಬಯಕೆ ಹುಟ್ಟುವುದು. ಆ ಬಯಕೆಯೇ ಅವಳನ್ನು ಕಾಡಿಗೆ ಕಳುಹಿಸುವುದಕ್ಕೆ ನೆಪವಾಗಿ, ನಾಟಕದ ದುಃಖವೆಲ್ಲ ಅಲ್ಲಿಂದ ಮೊದಲಾಗುವುದು. ನೋಡುವುದಕ್ಕೆ ಮುಂಚೆ ಇದ್ದ ಸೀತೆ ನೋಡಿದ ಮೇಲೆ ಇಲ್ಲ. ಇದು ದರ್ಶನ. ನಮ್ಮ ಪ್ರದರ್ಶನಗಳಿಂದ ಹೊರಕ್ಕೆ ಬರುವವರಲ್ಲಿ ಒಳಕ್ಕೆ ಹೋದವರಿಗಿಂತ ಬೇರೆಯಾಗಿ ಬರುವವರು ಎಷ್ಟು ಮಂದಿ?

ಸಾಮಾನ್ಯವಾಗಿ ನಡೆಯುವ ಕ್ರಮವನ್ನು ವಾಚಕರು ಸ್ಮರಿಸಿಕೊಳ್ಳಬೇಕು. ಮೊದಲು ಪ್ರಾರ್ಥನೆ, ಆಮೇಲೆ ದೀಪಪ್ರಜ್ವಲನ, ಸ್ವಾಗತ, ಪ್ರಾಸ್ತಾವಿಕ ನುಡಿ, ಮುಖ್ಯ ಅತಿಥಿಗಳ ಭಾಷಣ, ಅಧ್ಯಕ್ಷರ ಭಾಷಣ, ಶಾಲು, ಫಲತಾಂಬೂಲ, ವಂದನಾರ್ಪಣೆ. ಇಷ್ಟಕ್ಕೆ ಒಂದೂವರೆ ಗಂಟೆ. ಬಳಿಕ ಗಣ್ಯರು ಚಿತ್ರಗಳ ಮುಂದೆ ಸಾಗಿ, ಒಂದು ಚಿತ್ರಕ್ಕೆ ಬೆನ್ನು ಮಾಡಿ ನಿಂತು ಪತ್ರಿಕೆಗಾಗಿ ಭಾವಚಿತ್ರ ತೆಗೆಸಿಕೊಳ್ಳುವರು. ಇಷ್ಟಕ್ಕೆ ಹತ್ತು ನಿಮಿಷ. ಚಿತ್ರಕ್ಕೆ ಬೆನ್ನು ಮಾಡಿ ನಿಲ್ಲುವುದು ಪ್ರದರ್ಶನದ ಮುಖ್ಯ ವಿಧಿಯಾದುದು ಎಂದಿನಿಂದಲೋ ತಿಳಿಯದು. ಬಾಗಿಲ ಬಳಿಯ ಅಭಿಪ್ರಾಯದ ಪುಸ್ತಕವನ್ನು ತೆರೆದು ನೋಡಿದರೆ ಮೊದಲಿನಿಂದ ಕೊನೆಯ ವರೆಗೆ ‘ಅದ್ಭುತ’, ‘ಅತ್ಯುತ್ತಮ’, ‘ಅಭಿನಂದನೆಗಳು’ ಎಂಬ ಮೂರು ಮಾತುಗಳು ಸರದಿಯಾಗಿ ಬರುತ್ತಿರುವುವು. ಮೂರನೆಯ ದಿನ ಸಾಯಂಕಾಲ ಚಿತ್ರಗಳನ್ನು ಇಳಿಸಿ ರಿಕ್ಷಾದಲ್ಲಿ ಮನೆಗೆ ಸಾಗಿಸುವರು. ಚಿತ್ರಕಾರನಿಗೆ ಶಾಲೂ ಉಂಟು, ಹಾರವೂ ಉಂಟು. ತನ್ನ ಹನ್ನೊಂದನೆಯ ಚಿತ್ರದಲ್ಲಿ ದೋಣಿ ನೀರಿನ ಮೇಲೆ ಕುಳಿತಿಲ್ಲ, ಗಾಳಿಯಲ್ಲಿ ನೇತಾಡುತ್ತಿರುವುದೆಂದು ತಿಳಿಸಿದ ಒಬ್ಬ ಸ್ನೇಹಿತನು ಇಲ್ಲ.

ನಮ್ಮ ಜನಕ್ಕೆ ಚಿತ್ರವನ್ನು ನೋಡುವ ಸಂಸ್ಕಾರವಿಲ್ಲ, ಅದೆಲ್ಲ ಮುಂಬಯಿ ಬೆಂಗಳೂರುಗಳವರಿಗೆ ಸೇರಿದ್ದು ಎಂದು ಕೆಲವರು ಸಮಾಧಾನ ಹೇಳುವುದುಂಟು. ಈ ಮಾತನ್ನು ಒಪ್ಪಲಾಗದು. ಈ ನೆಲದ ಕಣ್ಣು ಬಡವಾದುದಲ್ಲ. ಆಳುಪರ ರಾಜಧಾನಿಯಾಗಿದ್ದ ನಮ್ಮ ಉದ್ಯಾವರದ ಕಲ್ಲುಗಳ ಮೇಲೆ ಎಂಟನೆಯ ಶತಮಾನದ ಕನ್ನಡ ಅಕ್ಷರಗಳಿರುವುವು. ಗಟ್ಟಿ ಶಿಲೆಯ ಮೇಲೆ ತಪ್ಪದೆ ತಿರುವು ತೆಗೆದ ಆ ಕೈಗೆ ರೇಖೆಯೆಂದರೆ ಏನೆಂಬುದು ತಿಳಿದಿತ್ತು. ಕೊಂಕಣ ಸೀಮೆಯಿಂದ ನಮ್ಮ ಕರಾವಳಿಯ ವರೆಗೆ ಹರಡಿದ ಕಾವಿಕಲೆಯನ್ನು ನೋಡಿರಿ. ಬಿಳಿಯ ಸುಣ್ಣದ ಗಾರೆಯ ಮೇಲೆ ಹುರಮಂಜಿಯ ಕೆಂಪನ್ನು ಬಳಿದು, ಆರುವ ಮುನ್ನ ಅದನ್ನು ಕಬ್ಬಿಣದ ಮೊನೆಯಿಂದ ಕೆರೆದು ಒಳಗಿನ ಬಿಳಿಯನ್ನು ಹೊರತರುವ ವಿದ್ಯೆಯದು. ಎರಡೇ ಬಣ್ಣ; ಕೆರೆದ ಗೆರೆಯನ್ನು ಮತ್ತೆ ಮುಚ್ಚುವುದಕ್ಕೆ ಎಡೆಯಿಲ್ಲ. ಉಡುಪಿಯ ಉತ್ತರಕ್ಕಿರುವ ಮೆಕ್ಕೆಕಟ್ಟಿನ ಮರದ ಭೂತವಿಗ್ರಹಗಳ ಕೆಂಪನ್ನೂ ಕಣ್ಣುಗಳನ್ನೂ ಒಮ್ಮೆ ಕಂಡವರು ಮರೆಯಲಾರರು. ಅವುಗಳಲ್ಲಿ ಹಲವು ಇಂದು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿರುವುವು. ನಾವು ಕೈಮುಗಿದು ಮುಂದೆ ಸಾಗಿದುದನ್ನು ಅನ್ಯರು ನಿಂತು ನೋಡಿದರು.

ನಾಗಮಂಡಲದ ಮಾತು ಇನ್ನೂ ಮುಖ್ಯವಾದುದು. ಬಿಳಿ, ಹಳದಿ, ಕೆಂಪು, ಹಸಿರು, ಕಪ್ಪು ಎಂಬ ಐದು ಬಣ್ಣದ ಪುಡಿಗಳಿಂದ, ಅರಸಿನ, ಒಣಗಿದ ಎಲೆ, ಸುಟ್ಟ ಉಮಿ ಮುಂತಾದುವುಗಳನ್ನೇ ಸಾಮಗ್ರಿಯಾಗಿ ಮಾಡಿಕೊಂಡು, ನೆಲದ ಮೇಲೆ ಹೆಣೆಹೆಣೆಯಾಗಿ ಸರ್ಪಗಳ ಗಂಟನ್ನು ಬರೆಯುವರು. ರಾತ್ರಿಯೆಲ್ಲ ಸಾವಿರಾರು ಜನ ಅದನ್ನು ನೋಡುವರು. ಕುಣಿತದ ಕಾಲುಗಳಡಿಯಲ್ಲಿ ಬೆಳಗಾಗುವಷ್ಟರಲ್ಲಿ ಅದು ಅಳಿದು ಪ್ರಸಾದವಾಗಿ ಹಂಚಿಹೋಗುವುದು. ಅಲ್ಲಿ ‘ಇದು ಯಾವ ಹಾವಿನಂತಿದೆ? ನಮಗೆ ಅರ್ಥವಾಗಲಿಲ್ಲ’ ಎಂದು ಕೇಳಿದವರನ್ನು ಯಾರೂ ಕಂಡಿಲ್ಲ. ಅದೇ ಜನ ಚಿತ್ರಶಾಲೆಯಲ್ಲಿ ರೂಪವಿಲ್ಲದ ಒಂದು ವರ್ಣಚಿತ್ರದ ಮುಂದೆ ನಿಂತು ‘ನಮಗೆ ಇದೆಲ್ಲ ತಿಳಿಯುವುದಿಲ್ಲ’ ಎಂದು ತಲೆತಗ್ಗಿಸುವುದು ಏಕೆ? ತಮ್ಮಲ್ಲಿರುವ ಕಣ್ಣೇ ಇಲ್ಲಿಯೂ ಸಾಕೆಂದು ಅವರಿಗೆ ಯಾರೂ ಹೇಳಲಿಲ್ಲ. ಅದೊಂದೇ ಕೊರತೆ.

ಇದಕ್ಕೆ ಕಣ್ಣಾರೆ ಕಂಡ ಒಂದು ನಿದರ್ಶನವನ್ನು ಕೊಡುವೆನು. ಕೆಲವು ವರ್ಷಗಳ ಹಿಂದೆ ಇಂತಹ ಒಂದು ಪ್ರದರ್ಶನದಲ್ಲಿ ಬಡಗುತಿಟ್ಟಿನ ಪುರುಷವೇಷವೊಂದರ ದೊಡ್ಡ ಚಿತ್ರವಿತ್ತು. ಕೇದಗೆ ಮುಂದಲೆಯ ಒಂದೊಂದು ಜರಿಯ ಎಳೆಯನ್ನೂ ಬಿಡದೆ ಬರೆದಿದ್ದರು. ಬಂದವರೆಲ್ಲ ಅದರ ಮುಂದೆಯೇ ಗುಂಪುಗೂಡಿದ್ದರು. ಬಹುಕಾಲ ಮೇಳದಲ್ಲಿ ಮದ್ದಳೆ ಬಾರಿಸಿದ ಒಬ್ಬ ವೃದ್ಧರು ತುಸು ದೂರದಲ್ಲಿ ನಿಂತು ಬಹಳ ಹೊತ್ತು ನೋಡಿ, ನನ್ನ ಕಡೆಗೆ ತಿರುಗಿ ಮೆಲ್ಲನೆ ಹೇಳಿದರು: “ವೇಷ ಲಾಯ್ಕುಂಟು ಮಾಷ್ಟ್ರೆ. ಆದ್ರೆ ಕಾಲು ನೆಲ ಮುಟ್ಲಿಲ್ಲ. ಇವ ಕುಣಿಯುದಲ್ಲ ಮಾರಾಯ್ರೆ, ಪಟ ತೆಗೆಸ್ಲಿಕ್ಕೆ ನಿಂತದ್ದು.” ಆ ಚಿತ್ರದ ವಿಷಯದಲ್ಲಿ ಇದಕ್ಕಿಂತ ಸರಿಯಾದ ವಿಮರ್ಶೆಯನ್ನು ಯಾವ ಪಂಡಿತನೂ ಬರೆಯಲಾರನು. ಹೊರಡುವಾಗ ಅಭಿಪ್ರಾಯದ ಪುಸ್ತಕವನ್ನು ಅವರ ಕೈಗೆ ಕೊಟ್ಟರು. ಅವರು ಕನ್ನಡಕ ಹಾಕಿಕೊಂಡು ‘ಬಹಳ ಚೆನ್ನಾಗಿದೆ’ ಎಂದು ಬರೆದು ರುಜು ಮಾಡಿದರು. ದರ್ಶನ ನಡೆದಿತ್ತು, ಅದರ ಫಲ ಮಾತ್ರ ಚಿತ್ರಕಾರನಿಗೆ ತಲಪಲಿಲ್ಲ.

ಆ ವೃದ್ಧರ ಮಾತಿಗೆ ಶಾಸ್ತ್ರದ ಬೆಂಬಲವೂ ಉಂಟು. ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿ ಚಿತ್ರಸೂತ್ರವೆಂಬ ಭಾಗವಿರುವುದು. ನೃತ್ತಶಾಸ್ತ್ರವನ್ನು ಅರಿಯದವನಿಗೆ ಚಿತ್ರಶಾಸ್ತ್ರ ತಿಳಿಯದೆಂದು ಮಾರ್ಕಂಡೇಯನು ವಜ್ರನಿಗೆ ಅಲ್ಲಿ ಹೇಳುವನು. ಆಚಾರ್ಯರು ರೇಖೆಯನ್ನು ಮೆಚ್ಚುವರು, ಇತರ ಜನರು ವರ್ಣಗಳ ಸಮೃದ್ಧಿಯನ್ನು ಬಯಸುವರು ಎಂಬ ಅಭಿಪ್ರಾಯವೂ ಅಲ್ಲಿಯೇ ಇರುವುದು. ಕಾಮಸೂತ್ರದ ವ್ಯಾಖ್ಯಾನದಲ್ಲಿ ಯಶೋಧರನು ಚಿತ್ರಕ್ಕೆ ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ ಎಂದು ಆರು ಅಂಗಗಳನ್ನು ಎಣಿಸಿರುವನು. ಈ ಆರರಲ್ಲಿ ಸಾದೃಶ್ಯವು ಒಂದು ಮಾತ್ರ. ನಮ್ಮ ಇಂದಿನ ಪ್ರದರ್ಶನಗಳಲ್ಲಿ ಅದೇ ಆರನ್ನೂ ನುಂಗಿಕೊಂಡಿರುವುದು. 1894 ರಲ್ಲಿ ರವಿವರ್ಮನು ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯದ ಲಕ್ಷ್ಮೀಸರಸ್ವತಿಯರು ಮನೆಮನೆಯ ಗೋಡೆಗೆ ಬಂದಂದಿನಿಂದಲೂ, ಅದಕ್ಕೂ ಮಿಗಿಲಾಗಿ ಛಾಯಾಚಿತ್ರವು ಎಲ್ಲರ ಕೈಗೂ ಬಂದಂದಿನಿಂದಲೂ, ‘ಇದ್ದ ಹಾಗೆಯೇ ಉಂಟು’ ಎಂಬುದೇ ಚಿತ್ರಕ್ಕೆ ನಾವು ಕೊಡುವ ಪರಮ ಪ್ರಶಸ್ತಿಯಾಗಿರುವುದು.

ಇದರ ಪರಿಣಾಮವನ್ನು ಕಂಬಳದ ಚಿತ್ರಗಳಲ್ಲಿ ಸ್ಪಷ್ಟವಾಗಿ ಕಾಣಬಹುದು. ಓಡುವ ಕೋಣಗಳ ಸುತ್ತ ಕೆಸರುನೀರಿನ ಒಂದೊಂದು ಹನಿಯೂ ಮುತ್ತಿನಂತೆ ಆಕಾಶದಲ್ಲಿ ನಿಂತಿರುವುದು. ಗದ್ದೆಯ ಅಂಚಿನಲ್ಲಿ ನಿಂತು ಕಂಬಳ ನೋಡಿದವರು ಹೇಳಲಿ, ಹನಿಗಳನ್ನು ಯಾರು ಕಂಡರು? ಕಂಡದ್ದು ಒಂದು ಕಪ್ಪು ರಭಸ. ಮೈಗೆ ತಾಗಿದ್ದು ಕೆಸರು. ಕ್ಷಣದ ಸಾವಿರದಲ್ಲೊಂದು ಪಾಲನ್ನು ಹಿಡಿಯುವುದು ಯಂತ್ರದ ಕಣ್ಣು. ಚಿತ್ರಕಾರನು ಗದ್ದೆಗೆ ಹೋಗದೆ ಛಾಯಾಚಿತ್ರವನ್ನು ಎದುರಿಗಿಟ್ಟುಕೊಂಡು ಬರೆದನೆಂಬುದಕ್ಕೆ ಆ ಹನಿಗಳೇ ಸಾಕ್ಷಿ. ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಅರಸನು ಮೊದಲು ಚಿತ್ರದಲ್ಲಿ ಕಂಡ ಮಾಲವಿಕೆಯನ್ನು ಆಮೇಲೆ ರಂಗದ ಮೇಲೆ ಪ್ರತ್ಯಕ್ಷ ಕಂಡು, ಬರೆದವನ ಸಮಾಧಿ ಶಿಥಿಲವಾಗಿತ್ತೆಂದು ಎಣಿಸುವನು. ಕೈಯ ತಪ್ಪೆನ್ನಲಿಲ್ಲ, ಬಣ್ಣದ ಕೊರತೆಯೆನ್ನಲಿಲ್ಲ. ಚಿತ್ತದ ಏಕಾಗ್ರತೆ ಸಡಲಿತ್ತೆಂದನು. ನಮ್ಮ ತರುಣ ಚಿತ್ರಕಾರರಲ್ಲಿ ಕೈಚಳಕಕ್ಕೆ ಬಡತನವಿಲ್ಲ. ಸಡಲಿರುವುದು ಸಮಾಧಿ.

ವಸ್ತುವಿನ ಆಯ್ಕೆಯಲ್ಲಿಯೂ ಇದೇ ದೋಷ ತೋರುವುದು. ಯಕ್ಷಗಾನದ ಕಿರೀಟ, ಭೂತದ ಅಣಿ, ಕಂಬಳದ ಕೋಣ, ಮೀನಿನ ಬುಟ್ಟಿ ಹೊತ್ತ ಹೆಂಗಸು, ಕನಕನ ಕಿಂಡಿ, ಇವು ಐದಿದ್ದರೆ ಪ್ರದರ್ಶನಕ್ಕೆ ‘ತುಳುನಾಡಿನ ಸಂಸ್ಕೃತಿ’ ಎಂಬ ಹೆಸರು ತಾನಾಗಿ ಬರುವುದು. ಈ ವಸ್ತುಗಳಲ್ಲಿ ದೋಷವಿಲ್ಲ. ಆದರೆ ಕಿರೀಟವನ್ನು ತೆಗೆದರೆ ಉಳಿಯುವ ಮುಖದಲ್ಲಿ ಏನಾದರೂ ಉಂಟೆ ಎಂಬುದು ಪರೀಕ್ಷೆ. ನಮ್ಮ ಸೀಮೆಯ ಬಾಳಿನ ಬಹುಭಾಗವು ಮಳೆಗಾಲ. ಮುರಕಲ್ಲಿನ ಗೋಡೆ ಪಾಚಿಗಟ್ಟಿ ಹಸಿರಾಗುವುದು, ಹೆಂಚು ಕಪ್ಪಾಗುವುದು, ಹಗಲು ಹೊತ್ತಿನಲ್ಲಿಯೇ ಚಾವಡಿಯೊಳಗೆ ದೀಪ ಬೇಕಾಗುವುದು, ಒಂದೆಡೆ ಕಡಲೂ ಒಂದೆಡೆ ಉದ್ಯಾವರದ ಹೊಳೆಯೂ ಇರುವ ಪಡುಕೆರೆಯ ಕಿರಿದಾದ ಮರಳುಪಟ್ಟಿಯಲ್ಲಿ ನೀರಿಗೂ ಆಕಾಶಕ್ಕೂ ಒಂದೇ ಬೂದುಬಣ್ಣ ಬರುವುದು. ನಮ್ಮ ಚಿತ್ರಗಳಲ್ಲಿಯಾದರೋ ಆಕಾಶವು ಯಾವಾಗಲೂ ನೀಲಿ. ಅಷ್ಟು ಮಳೆಯಲ್ಲಿ ಹುಟ್ಟಿ ಬೆಳೆದವರ ಚಿತ್ರಗಳು ಇಷ್ಟು ಒಣಗಿರುವುದು ಆಶ್ಚರ್ಯವಲ್ಲವೆ?

ಮತ್ತೊಂದು ಪಕ್ಷದವರು ರೂಪವನ್ನೇ ಬಿಟ್ಟು ಬಣ್ಣದ ರಾಶಿಯನ್ನು ಹರಡಿ ‘ಶೀರ್ಷಿಕೆಯಿಲ್ಲ’ ಎಂದು ಕೆಳಗೆ ಬರೆಯುವರು. ಇವರನ್ನು ಹಾಸ್ಯಮಾಡುವುದು ಸುಲಭ. ನಾಗಮಂಡಲವನ್ನು ಕಂಡ ನಾವು ಹಾಗೆ ಮಾಡಬಾರದು. ಇವರನ್ನು ಕೇಳಬೇಕಾದ ಪ್ರಶ್ನೆ ಬೇರೆ. ನಾಗಮಂಡಲದ ಗಂಟಿನಲ್ಲಿ ಒಂದು ಎಳೆ ತಪ್ಪಿದರೆ ಎಲ್ಲವೂ ತಪ್ಪುವುದು. ನಿಮ್ಮ ಚಿತ್ರದಲ್ಲಿ ಈ ಕೆಂಪನ್ನು ಎರಡು ಅಂಗುಲ ಆಚೆಗೆ ಸರಿಸಿದರೆ ಏನು ಕೆಡುವುದು? ಏನೂ ಕೆಡದೆಂದಾದರೆ ಆ ಕೆಂಪಿಗೆ ಅಲ್ಲಿ ಕೆಲಸವಿಲ್ಲ.

ಊರಿನ ವಸ್ತುವನ್ನು ಬಿಡದೆ, ಊರಿನ ಹೆಸರನ್ನು ಬಿರುದಾಗಿಯೂ ಕಟ್ಟಿಕೊಳ್ಳದೆ ಬರೆಯುವುದು ಸಾಧ್ಯವೆ ಎಂದರೆ, ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ನಮ್ಮ ನೆರೆಯ ಕಟ್ಟಿಂಗೇರಿಯಲ್ಲಿ 1911 ರಲ್ಲಿ ಜನಿಸಿದ ಕೃಷ್ಣ ಹೆಬ್ಬಾರರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ, 1949-50 ರಲ್ಲಿ ಪ್ಯಾರಿಸಿನಲ್ಲಿ ಅಭ್ಯಾಸಮಾಡಿ, 1961 ರಲ್ಲಿ ಪದ್ಮಶ್ರೀ, 1989 ರಲ್ಲಿ ಪದ್ಮಭೂಷಣ ಪ್ರಶಸ್ತಿಗಳಿಗೆ ಪಾತ್ರರಾಗಿ, 1996 ರಲ್ಲಿ ತೀರಿಕೊಂಡರು. ಚಿತ್ರಕ್ಕೆ ಲಯ ಬೇಕೆಂದು ಕಥಕ್ ನೃತ್ಯವನ್ನು ಗುರುಮುಖದಿಂದ ಅಭ್ಯಸಿಸಿದವರು ಅವರು. ಮಾರ್ಕಂಡೇಯನ ಮಾತನ್ನು ಇಷ್ಟು ಅಕ್ಷರಶಃ ಪಾಲಿಸಿದ ಆಧುನಿಕರು ಅಪೂರ್ವ. ಅವರ ರೇಖಾಚಿತ್ರಗಳಲ್ಲಿ ನರ್ತಕಿಗೆ ಆಭರಣವಿಲ್ಲ, ಕೆಲವೊಮ್ಮೆ ಮುಖವೂ ಇಲ್ಲ. ಒಂದೆರಡು ಗೆರೆಗಳು ಮಾತ್ರ. ಆದರೆ ಕಾಲು ನೆಲವನ್ನು ಮುಟ್ಟಿರುವುದು. ಅವರು ಸರಕಾರಕ್ಕೆ ದಾನವಾಗಿ ಕೊಟ್ಟ ಕೃತಿಗಳು ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಗೆ ಸೇರಿದುವು; ಅವರ ಹೆಸರಿನ ಚಿತ್ರಶಾಲೆಯೊಂದು ಮಣಿಪಾಲದಲ್ಲಿಯೂ ಇರುವುದು. ಹೆಬ್ಬಾರರನ್ನು ನಮ್ಮವರೆಂದು ಹೇಳಿಕೊಳ್ಳುವುದಕ್ಕೆ ನಾವು ಹಿಂಜರಿದುದಿಲ್ಲ. ಆದರೆ ಅವರನ್ನು ತಿದ್ದಿದುದು, ಬೆಳೆಸಿದುದು, ಕೃತಿಯನ್ನು ಕೊಂಡುಕೊಂಡುದು ಬಹುಮಟ್ಟಿಗೆ ಮುಂಬಯಿ. ಇನ್ನೊಬ್ಬ ಹೆಬ್ಬಾರನು ಇಂದು ಕಟ್ಟಿಂಗೇರಿಯಲ್ಲಿಯೇ ಉಳಿಯಬೇಕೆಂದು ಬಯಸಿದರೆ ನಾವು ಅವನಿಗೆ ಏನು ಕೊಡಬಲ್ಲೆವು? ಒಂದು ಶಾಲು.

ನಮ್ಮಂತಹ ಸಣ್ಣ ಸೀಮೆಯಲ್ಲಿ ಇದಕ್ಕಿಂತ ಹೆಚ್ಚಿನದು ಸಾಧ್ಯವಿಲ್ಲವೆಂಬ ಆಕ್ಷೇಪಕ್ಕೆ ಸಿಂಹಳದ್ವೀಪವೇ ಉತ್ತರ. ತೆಂಗು, ಮಳೆ, ಕಡಲು, ದೈವಗಳ ಕುಣಿತ, ಎಲ್ಲದರಲ್ಲಿಯೂ ಅದು ನಮಗೆ ಸಮೀಪದ ನಾಡು. 1943 ರಲ್ಲಿ ಕೊಲಂಬೊ ನಗರದಲ್ಲಿ ಜಾರ್ಜ್ ಕೀಟ್, ಐವನ್ ಪೆರೀಸ್, ಜಸ್ಟಿನ್ ದರಣಿಯಗಲ ಮೊದಲಾದ ಕೆಲವೇ ಮಂದಿ ಸೇರಿ ನಲ್ವತ್ತಮೂರರ ಬಳಗವೆಂಬ ಸಂಘವನ್ನು ಕಟ್ಟಿ ಪ್ರದರ್ಶನಗಳನ್ನು ನಡೆಸಿದರು. ಅವರನ್ನು ಒಂದುಗೂಡಿಸಿದವರಲ್ಲಿ ಮುಖ್ಯನಾದ ಲಯನೆಲ್ ವೆಂಡ್ಟನು ಛಾಯಾಚಿತ್ರಕಾರ, ಪಿಯಾನೋ ವಾದಕ, ಕುಂಚದವನಲ್ಲ. ಅವನಲ್ಲಿ ಇದ್ದದ್ದು ಕಾಣುವ ಕಣ್ಣು ಮತ್ತು ಕಂಡುದನ್ನು ಹೇಳುವ ಬಾಯಿ. ಫ್ರಾನ್ಸಿನಲ್ಲಿ 1759 ರಿಂದ ದಿದೆರೋ ಎಂಬ ವಿದ್ವಾಂಸನು ಪ್ಯಾರಿಸಿನ ಚಿತ್ರಪ್ರದರ್ಶನಗಳನ್ನು ಕುರಿತು ಬರೆದ ವಿಮರ್ಶೆಗಳೂ ಇಂತಹವೇ. ಅವನು ಹೊಗಳಿದುದರ ಜೊತೆಗೆ ತೆಗಳಿದುದೂ ಉಂಟು. ಅವನು ನೋಡಿದ ಎಷ್ಟೋ ಚಿತ್ರಗಳನ್ನು ಲೋಕವು ಮರೆತಿದ್ದರೂ ಅವನ ನೋಟವನ್ನು ಮರೆತಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ದೊಡ್ಡ ಧನಸಹಾಯ ಬೇಕಾಗದ ಕೆಲವು ಸೂಚನೆಗಳನ್ನು ಮಾತ್ರ ಇಲ್ಲಿ ಕೊಡುವೆನು. ಸಭೆಯನ್ನು ಅರ್ಧ ಗಂಟೆಗೆ ಮುಗಿಸಿ, ಮುಖ್ಯ ಅತಿಥಿಗಳು ಭಾಷಣಕ್ಕೆ ಬದಲಾಗಿ ತಮಗೆ ಹಿಡಿಸಿದ ಒಂದು ಚಿತ್ರದ ಮುಂದೆ ನಿಂತು ಅದನ್ನು ಕುರಿತೇ ಐದು ಮಾತು ಹೇಳಲಿ. ಕಿಟಕಿಗೆ ಎದುರಾಗಿ ಗಾಜಿನ ಕಟ್ಟಿನ ಚಿತ್ರಗಳನ್ನು ತೂಗುವುದನ್ನು ಬಿಡಬೇಕು. ಹಾಗೆ ತೂಗಿದರೆ ನೋಡುವವನಿಗೆ ಕಾಣುವುದು ತನ್ನ ಮುಖವೇ. ಪ್ರತಿ ಚಿತ್ರದ ಹೆಸರು, ಬರೆದ ವರ್ಷ, ಬಳಸಿದ ಸಾಮಗ್ರಿ, ಬೆಲೆ, ಇವುಗಳನ್ನು ಕನ್ನಡದಲ್ಲಿ ಅಚ್ಚುಮಾಡಿಸಿ ಕೊಡಬೇಕು. ಬೆಲೆ ಕೇಳುವುದಕ್ಕೆ ನಾಚಿ ಹಿಂದಿರುಗಿದವರು ಹಲವರಿರುವರು. ಸಭಾಂಗಣದ ನಡುವೆ ನಾಲ್ಕು ಕುರ್ಚಿಗಳಾದರೂ ಇರಲಿ. ಶಾಲೆಯ ಮಕ್ಕಳನ್ನು ಸಾಲಾಗಿ ನಡೆಯಿಸಿ ಹೊರಕ್ಕೆ ಬಿಡದೆ, ಒಬ್ಬೊಬ್ಬರೂ ಒಂದೇ ಚಿತ್ರದ ಮುಂದೆ ಕಾಲು ಗಂಟೆ ಕುಳಿತು ಕಂಡುದನ್ನು ಬರೆಯುವಂತೆ ಮಾಡಲಿ. ಕೊನೆಯ ದಿನ ಸಾಯಂಕಾಲ ಚಿತ್ರಕಾರನೂ ನೋಡುಗರೂ ಕೂಡಿ ಮಾತನಾಡುವುದಕ್ಕಾಗಿ ಒಂದು ಗಂಟೆಯನ್ನು ಮೀಸಲಿಡಬೇಕು. ಆ ದಿನ ಹಾರವೂ ಬೇಡ, ಶಾಲೂ ಬೇಡ. ಸಾಹಿತ್ಯಸಂಘಗಳು ವರ್ಷಕ್ಕೆ ಒಂದೇ ಒಂದು ಸ್ಥಳೀಯ ಚಿತ್ರವನ್ನು ಕೊಂಡು ತಮ್ಮ ವಾಚನಾಲಯದ ಗೋಡೆಗೆ ಹಾಕಿದರೆ, ಹತ್ತು ವರ್ಷಗಳಲ್ಲಿ ಊರಿಗೊಂದು ಚಿತ್ರಶಾಲೆಯಾಗುವುದು.

ಕೊನೆಯ ಸೂಚನೆಗೆ ತುರ್ತಾದ ಒಂದು ಕಾರಣವುಂಟು. ಮಾರಾಟವಾಗದ ಚಿತ್ರಗಳು ಎಲ್ಲಿಗೆ ಹೋಗುವುವೆಂದು ಬಲ್ಲಿರಾ? ಅಟ್ಟಕ್ಕೆ. ನಮ್ಮ ಅಟ್ಟಗಳಲ್ಲಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕ್ಯಾನ್ವಾಸಿನ ಹಿಂಬದಿಗೆ ಬೂಷ್ಟು ಹಿಡಿಯುವುದು, ಕಟ್ಟಿಗೆ ಗೆದ್ದಲು ಬರುವುದು, ಕಾಗದದ ಮೇಲೆ ಬರೆದುದಾದರೆ ಕಂದುಚುಕ್ಕೆಗಳೆದ್ದು ಅಳಿಯುವುದು. ನಾಗಮಂಡಲವೂ ಅಳಿಯುವುದು, ನಿಜ. ಆದರೆ ಅದು ಊರೆಲ್ಲ ಕಣ್ತುಂಬ ಕಂಡಾದ ಮೇಲೆ ಅಳಿಯುವುದು. ಯಾರೂ ಕಾಣದೆ ಅಳಿದುದು ಹುಟ್ಟಲೇ ಇಲ್ಲವೆಂಬಂತಾಗುವುದು. ಇಪ್ಪತ್ತೈದು ವರ್ಷ ಪ್ರಾಯದಲ್ಲಿ ಉತ್ಸಾಹದಿಂದ ಬರೆಯುತ್ತಿದ್ದ ಎಷ್ಟೋ ತರುಣರು ಮೂವತ್ತೈದಕ್ಕೆ ಅಂಗಡಿಯ ಹಲಗೆ ಬರೆಯುವುದರಲ್ಲಿ ನಿಂತುಹೋದುದನ್ನು ನಾವೆಲ್ಲರೂ ಕಂಡಿರುವೆವು. ಹಲಗೆ ಬರೆಯುವುದು ಕೀಳಲ್ಲ. ಅದಕ್ಕೆ ಕೊಂಡುಕೊಳ್ಳುವವರೂ ಉಂಟು, ಅಕ್ಷರ ವಕ್ರವಾದರೆ ಹೇಳುವವರೂ ಉಂಟು. ಆ ಎರಡು ಉಪಕಾರಗಳನ್ನು ನಾವು ಅವರ ಚಿತ್ರಗಳಿಗೆ ಮಾಡಲಿಲ್ಲ.

ದೋಷವನ್ನು ಹೇಳಿದರೆ ಕಲಾವಿದರ ಮನಸ್ಸು ನೋಯುವುದೆಂಬ ದಾಕ್ಷಿಣ್ಯವು ನಮ್ಮ ಸೀಮೆಯಲ್ಲಿ ಬಲವಾಗಿರುವುದು. ದಾಕ್ಷಿಣ್ಯ ಒಳ್ಳೆಯ ಗುಣವೇ. ಆದರೆ ಪಾಠಶಾಲೆಯಲ್ಲಿ ತಪ್ಪು ಶ್ಲೋಕವನ್ನು ‘ಅದ್ಭುತ’ವೆಂದು ಬಿಟ್ಟುಬಿಡುವ ಗುರುವನ್ನು ಶಿಷ್ಯವತ್ಸಲನೆಂದು ಯಾರೂ ಕರೆಯುವುದಿಲ್ಲ. ಆದುದರಿಂದ ವಾಚಕರಲ್ಲಿ ಒಂದು ವಿಜ್ಞಾಪನೆ. ಮುಂದೆ ಯಾವುದಾದರೂ ಪ್ರದರ್ಶನಕ್ಕೆ ಹೋದಾಗ ಅಭಿಪ್ರಾಯದ ಪುಸ್ತಕದಲ್ಲಿ ‘ಅದ್ಭುತ’ ಎಂಬ ಶಬ್ದವನ್ನು ಬರೆಯದಿರಿ. ಒಂದು ಚಿತ್ರವನ್ನು ಹೆಸರಿಸಿ, ಅದರಲ್ಲಿ ನಿಮ್ಮನ್ನು ನಿಲ್ಲಿಸಿದುದು ಯಾವುದು, ನಿಮಗೆ ಒಪ್ಪದೆ ಹೋದುದು ಯಾವುದು ಎಂದು ಎರಡೇ ವಾಕ್ಯಗಳನ್ನು ಬರೆಯಿರಿ. ಕೆಳಗೆ ರುಜು ಹಾಕಿರಿ. ಚಿತ್ರಕಾರನು ಆ ರಾತ್ರಿ ಅದನ್ನು ಓದುವನು. ಮರುದಿನ ಕುಂಚವನ್ನು ಹಿಡಿಯುವಾಗ ಅದು ಅವನ ನೆನಪಿನಲ್ಲಿರುವುದು.